ಅನುದಾನ ಪ್ರಸ್ತಾವನೆಯ ಕೊನೆಯ ಪುಟ

ಸಂಶೋಧನಾ ಅನುದಾನ ಕೋರುವ ಪ್ರಸ್ತಾವನೆಗಳಲ್ಲಿ ಅತಿ ದುರ್ಬಲ ಭಾಗ ವೆಚ್ಚದ ಅಂದಾಜು. ಉದ್ದೇಶ, ವಿಧಾನಗಳಿಗೆ ಹತ್ತು ಪುಟ ಮೀಸಲಿಡುವವರು ಹಣದ ಲೆಕ್ಕವನ್ನು ಮಾತ್ರ ಕೊನೆಯ ದಿನ, ಸಿಗಬಹುದಾದ ಗರಿಷ್ಠ ಮೊತ್ತಕ್ಕೆ ಹೊಂದಿಸಿ ಬರೆದುಬಿಡುತ್ತಾರೆ. ‘ರಾಸಾಯನಿಕಗಳು, ಗಾಜಿನ ಸಾಮಾನು: 2 ಲಕ್ಷ ರೂ.’ ಎರಡೇ ಏಕೆ? ಉತ್ತರವಿಲ್ಲ.

ಕೊಳವೆಬಾವಿ ನೀರಿನ ಫ್ಲೋರೈಡನ್ನು ಎಲೆಕ್ಟ್ರೋಡ್‌ನಿಂದ ಅಳೆಯುವ ಯೋಜನೆಯನ್ನೇ ತೆಗೆದುಕೊಳ್ಳಿ. 60 ಬಾವಿ, ಎರಡು ಋತು, ಪ್ರತಿ ಮಾದರಿಗೆ ಮೂರು ಸಲ ಎಂದರೆ 360 ಅಳತೆಗಳು. ಪ್ರತಿ ಸಲ 10 ಮಿ.ಲೀ. ನೀರಿಗೆ ಅಷ್ಟೇ ಬಫರ್ ದ್ರಾವಣ ಬೆರೆಸಿದರೆ 3.6 ಲೀಟರ್ ಬೇಕು. ಪ್ರಮಾಣಿತ ದ್ರಾವಣಗಳಿಗೆ ಬೇಕಾದದ್ದು ಬೇರೆ. ಮೊತ್ತ ಹುಟ್ಟಬೇಕಾದದ್ದು ಇಲ್ಲಿಂದ. ಹೀಗೆ ಲೆಕ್ಕ ಹಾಕಿದವರಿಗೆ ಎಲೆಕ್ಟ್ರೋಡ್‌ನ ಬಾಳಿಕೆ ಸೀಮಿತ, ಇನ್ನೊಂದು ಕೊಳ್ಳಬೇಕಾದೀತು ಎಂಬುದೂ ಹೊಳೆಯುತ್ತದೆ. ಹಾಕದವರ ಮೀಟರು ಎರಡನೆಯ ವರ್ಷ ಹೊದಿಕೆಯಡಿ ಕೂತಿರುತ್ತದೆ, ಜೊತೆಗೆ ವಿದ್ಯಾರ್ಥಿಯ ಪ್ರಬಂಧವೂ.

ದರಗಳ ವಿಷಯದಲ್ಲೂ ಇದೇ ಉದಾಸೀನ. ಸರ್ಕಾರಿ ನೆರವಿನ ಸಂಶೋಧನಾ ಸಂಸ್ಥೆಗಳ ಉಪಕರಣ ಖರೀದಿಗಿದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ ದರ 2022ರ ಜುಲೈನಲ್ಲಿ ರದ್ದಾಯಿತು. ಶೇ. 18 ತೆರಬೇಕಾದಲ್ಲಿ 10 ಲಕ್ಷದ ಉಪಕರಣಕ್ಕೆ 1.3 ಲಕ್ಷ ರೂ. ಹೆಚ್ಚು. ಜೆ.ಆರ್.ಎಫ್. ಮಾಸಿಕ ಫೆಲೋಶಿಪ್ 2023ರಲ್ಲಿ 31,000ದಿಂದ 37,000 ರೂ.ಗೆ ಏರಿತು. ಹಳೆಯ ಪ್ರಸ್ತಾವನೆಯನ್ನು ನಕಲು ಮಾಡಿದವರಿಗೆ ವರ್ಷಕ್ಕೆ 72,000 ರೂ. ಕೊರತೆ, ಮನೆ ಬಾಡಿಗೆ ಭತ್ಯೆಯ ವ್ಯತ್ಯಾಸ ಇದರ ಮೇಲೆ.

‘ಹೇಗೂ ಕತ್ತರಿ ಹಾಕುತ್ತಾರೆ, ಹೆಚ್ಚೇ ಕೇಳೋಣ’ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಕತ್ತರಿ ಮೊದಲು ಬೀಳುವುದು ಕಾರಣ ಕೊಡದ ಸಾಲಿಗೇ. 360 ಅಳತೆಗಳ ಲೆಕ್ಕ ಬರೆದವರಾದರೆ, ಹಾಗಿದ್ದರೆ ಯಾವ ಬಾವಿಗಳನ್ನು ಕೈಬಿಡೋಣ ಎಂದು ಪರಿಶೀಲಕರನ್ನೇ ಕೇಳಬಹುದು.