ಕೆಡಿಸದೆ ಕಾಣುವ ಕಲೆ

ಕಾರ್ನೆಲ್ ವಿಶ್ವವಿದ್ಯಾಲಯದ ಯಿ ಜಿಯಾಂಗ್, ಡೇವಿಡ್ ಮುಲ್ಲರ್ ಮತ್ತು ಸಂಗಡಿಗರು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ 0.39 ಆಂಗ್‌ಸ್ಟ್ರಾಮ್ ಎಂಬ ಅಂಕಿಯಿಂದ ಹೆಸರಾಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಅಷ್ಟು ಸೂಕ್ಷ್ಮ ವಿವರ ಮೂಡಿತ್ತು. ದಾಖಲೆಯನ್ನು ಮತ್ತೊಬ್ಬರು ಮುರಿಯಬಹುದು. ಈ ಕೆಲಸ ಉಳಿಯುವುದು, ನೋಡುವ ವಸ್ತುವಿನ ಮೇಲೆ ಅದು ತೋರಿದ ಸಂಯಮದಿಂದ.

ಎಲೆಕ್ಟ್ರಾನ್‌ಗಳ ವೇಗ ಹೆಚ್ಚಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆದರೆ ಒಂದೆರಡು ಪದರದ ಹಾಳೆ ಆ ಪೆಟ್ಟು ತಾಳದು. ಸುಮಾರು 86 ಕಿಲೋಎಲೆಕ್ಟ್ರಾನ್‌ವೋಲ್ಟ್ ದಾಟಿದರೆ ಗ್ರಾಫೀನ್‌ನ ಇಂಗಾಲದ ಪರಮಾಣುಗಳೇ ಕಿತ್ತುಹೋಗುತ್ತವೆ. ವೇಗ ತಗ್ಗಿಸಿದರೆ ಚಿತ್ರ ಮಸುಕು. ನಿಜವಾಗಿ 80 ಕಿಲೋಎಲೆಕ್ಟ್ರಾನ್‌ವೋಲ್ಟ್‌ನಲ್ಲೂ ಎಲೆಕ್ಟ್ರಾನ್‌ನ ತರಂಗದೂರ ಸುಮಾರು 0.04 ಆಂಗ್‌ಸ್ಟ್ರಾಮ್ ಮಾತ್ರ, ತೊಡಕಿರುವುದು ಮಸೂರಗಳಲ್ಲಿ. ಆದ್ದರಿಂದ ಈ ತಂಡ 80ರಲ್ಲೇ ನಿಂತು, ಮಸೂರದ ಕೆಲಸವನ್ನು ಗಣಿತಕ್ಕೆ ವಹಿಸಿತು. ಕಿರಣ ಬಿದ್ದ ಪ್ರತಿ ಬಿಂದುವಿನಲ್ಲೂ ಚದುರಿದ ಎಲೆಕ್ಟ್ರಾನ್‌ಗಳ ಇಡೀ ವಿನ್ಯಾಸವನ್ನು ದಾಖಲಿಸಿತು. ಅಕ್ಕಪಕ್ಕದ ಬಿಂದುಗಳು ಒಂದರ ಮೇಲೊಂದು ಹಾಯುವುದರಿಂದ, ಕಳೆದುಹೋದ ತರಂಗದ ಹಂತವನ್ನು ಲೆಕ್ಕಹಾಕಿ ಮರಳಿ ಪಡೆಯಬಹುದು. ಇದೇ ಟೈಕೋಗ್ರಫಿ, 1969ರಲ್ಲೇ ವಾಲ್ಟರ್ ಹೊಪ್ಪೆ ಸೂಚಿಸಿದ್ದ ವಿಚಾರ. ಅಷ್ಟೇ ಎಲೆಕ್ಟ್ರಾನ್‌ಗಳನ್ನು ಬಳಸಿ ಮಾಮೂಲಿ ವಿಧಾನ ಮುಟ್ಟಿದ್ದು 0.98 ಆಂಗ್‌ಸ್ಟ್ರಾಮ್ ಮಾತ್ರ.

ಪರೀಕ್ಷೆಗೆ ಆರಿಸಿಕೊಂಡ ವಸ್ತು ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ. ಮಾಲಿಬ್ಡಿನಮ್ ಡೈಸಲ್ಫೈಡ್‌ನ ಒಂದು ಹಾಳೆಯ ಮೇಲೆ ಇನ್ನೊಂದನ್ನು ತುಸು ತಿರುಚಿ ಇಟ್ಟರು. ಆಗ ಮೇಲಿನ ಮತ್ತು ಕೆಳಗಿನ ಪರಮಾಣುಗಳ ನಡುವಿನ ಅಂತರ, ಜಾಗದಿಂದ ಜಾಗಕ್ಕೆ ಕಿರಿದಾಗುತ್ತಾ ಕೊನೆಗೆ ಒಂದರ ಹಿಂದೊಂದು ಅಡಗುವವರೆಗೂ ಬರುತ್ತದೆ. ಅಳೆಯುವ ಕೋಲು ವಸ್ತುವಿನೊಳಗೇ ಸಿಕ್ಕಿತು. ಒಂದೇ ಒಂದು ಗಂಧಕದ ಪರಮಾಣು ಇಲ್ಲದ ಜಾಗವೂ ಎದ್ದು ಕಾಣಿಸಿತು. ಈ ಹಾಳೆಗಳ ವಿದ್ಯುತ್ ಗುಣವನ್ನು ಬದಲಿಸುವುದು ಇಂಥ ಕೊರತೆಗಳೇ ಆದ್ದರಿಂದ, ಇದು ಬಹಳ ಬೆಲೆಯುಳ್ಳ ನೋಟ.

ಈ ವಿಧಾನದ ಮಿತಿಗಳೂ ಸಣ್ಣವಲ್ಲ. ಮಾದರಿ ತೀರಾ ತೆಳು ಎಂಬ ಊಹೆಯ ಮೇಲೆ ಲೆಕ್ಕ ನಿಂತಿದೆ. ಎರಡೂ ಪದರಗಳು ಚಿತ್ರದಲ್ಲಿ ಒಂದೇ ಸಮತಲಕ್ಕೆ ಒತ್ತಿಕೊಳ್ಳುತ್ತವೆ. ಅವುಗಳ ನಡುವಿನ ಅಂತರವೆಷ್ಟು, ಹಾಳೆ ಎಲ್ಲಿ ಉಬ್ಬಿದೆ ಎಂಬುದನ್ನು ಅದು ಹೇಳದು. ಪದರವಸ್ತುಗಳ ಮರ್ಮವಿರುವುದು ಪದರಗಳು ಒಂದರ ಮೇಲೊಂದು ಹೇಗೆ ಕೂರುತ್ತವೆ ಎಂಬುದರಲ್ಲೇ. 1.1 ಡಿಗ್ರಿ ತಿರುಚಿದ ಎರಡು ಗ್ರಾಫೀನ್ ಹಾಳೆಗಳು ಅತಿವಾಹಕವಾಗುತ್ತವೆಂದು ತಿಳಿದದ್ದೂ ಅದೇ 2018ರಲ್ಲಿ. ಪ್ರಬಂಧದ ಚಿತ್ರದಲ್ಲಿ ಕಂಡ ಜಾಗವೂ ಕೆಲವೇ ನ್ಯಾನೋಮೀಟರ್ ಅಗಲ. ಅದನ್ನು ಇಡೀ ಹಾಳೆಯ ಗುಣವೆಂದು ಓದುವ ಆತುರ ಈ ಕ್ಷೇತ್ರದ ರೂಢಿಯೇ ಆಗಿದೆ.

ಮುಲ್ಲರ್ ಅವರ ಬಳಗವೇ 2021ರಲ್ಲಿ ದಪ್ಪ ಹರಳಿನಲ್ಲಿ ಎಲೆಕ್ಟ್ರಾನ್‌ಗಳು ಹಲವು ಬಾರಿ ಚದುರುವುದನ್ನೂ ಲೆಕ್ಕಕ್ಕೆ ತಂದು ‘ತೆಳು’ ಎಂಬ ಊಹೆಯ ಹಂಗನ್ನು ಕಳಚಿತು. ಹಾಗಾಗಿ 2018ರ ಪ್ರಬಂಧವನ್ನು ಗಟ್ಟಿ ಅಡಿಪಾಯವೆಂದು ಒಪ್ಪುತ್ತೇನೆ. ಇನ್ನು ಮುಂದೆ ಬರುವ ಇಂಥ ಪ್ರತಿ ಚಿತ್ರದ ಜೊತೆಗೂ ಅದರ ಕಚ್ಚಾ ದತ್ತಾಂಶ ಮತ್ತು ಲೆಕ್ಕದ ಊಹೆಗಳು ಓದುಗರಿಗೆ ಸಿಗಬೇಕು. ಲೆಕ್ಕದಿಂದ ಹುಟ್ಟಿದ ಚಿತ್ರವನ್ನು ಇನ್ನೊಬ್ಬರು ಲೆಕ್ಕಹಾಕಿ ನೋಡಿದಾಗಲೇ ನಂಬಿಕೆಗೆ ಆಧಾರ ಸಿಗುತ್ತದೆ.