ಕೆಂಪು ದೀಪದ ಪೆಟ್ಟಿಗೆ

ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಿಗೆಲ್ಲ ಒಂದು ದೌರ್ಬಲ್ಯವಿರುತ್ತದೆ. ಗುಂಡಿ ತಿರುಗಿಸಿ, ಒಳಗೆ ಮೆಲ್ಲಗೆ ಕೆಂಪು ಬೆಳಕು ಕೂಡುವವರೆಗೆ ಕಾದು, ಆಮೇಲೆ ದನಿ ಕೇಳಿದ ಸುಖ ಮರೆಯುವಂಥದ್ದಲ್ಲ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಒಂದು ಕಾಲಕ್ಕೆ ಈ ವಾಲ್ವುಗಳನ್ನು ತಯಾರಿಸುತ್ತಿತ್ತು. ಈಗ ಆ ಹಳೆಯ ಆಸೆಯನ್ನೇ ಗಾಳ ಮಾಡಿಕೊಂಡು ಅಗ್ಗದ ವಾಲ್ವ್ ಆಂಪ್ಲಿಫೈಯರುಗಳು ಬರುತ್ತಿವೆ, ಹೆಚ್ಚಿನವು ಚೀನಾದಿಂದ. ಒಂದೇ ವರ್ಷದಲ್ಲಿ ನಮ್ಮ ಮನೆಗೆ ಅಂಥ ಎರಡು ಬಂದವು. ಎರಡರ ದೂಳು ಒರೆಸಿದವಳೂ ನಾನೇ, ಹಾಡು ಕೇಳಿದವಳೂ ನಾನೇ. ಅಂದ ಮೇಲೆ ತೀರ್ಪು ಹೇಳುವ ಹಕ್ಕೂ ನನ್ನದೇ ತಾನೆ?

ಮೊದಲನೆಯದು ಮಗ ತಂದದ್ದು, ಅಂಗೈ ಅಗಲದ್ದು. ಮೇಲೆ ಎರಡು ಪುಟ್ಟ ಗಾಜಿನ ವಾಲ್ವು, ರಟ್ಟಿನ ಡಬ್ಬದ ಮೇಲೆ ‘100 ವ್ಯಾಟ್’ ಎಂಬ ಬರಹ. ಸ್ವಿಚ್ ಹಾಕಿದ್ದೇ ತಡ, ಝಗ್ಗನೆ ಕಿತ್ತಳೆ ಬೆಳಕು, ಹಿಂದೆಯೇ ಹಾಡು. ನನಗೆ ಅಲ್ಲೇ ಅನುಮಾನ. ನಿಜವಾದ ವಾಲ್ವು ಕಾಯಲು ಹತ್ತು ಹದಿನೈದು ಸೆಕೆಂಡಾದರೂ ಬೇಕಲ್ಲ! ಬಗ್ಗಿ ನೋಡಿದರೆ ಗಾಜಿನ ಬುಡದಲ್ಲಿ ಒಂದು ಎಲ್‌ಇಡಿ ದೀಪ ಕೂರಿಸಿದ್ದರು. ಹಾಡಿಸುತ್ತಿದ್ದುದು ಒಳಗಿನ ಚಿಪ್. ವಾಲ್ವು ಬರೀ ಮದುವೆಮನೆಯ ಅಲಂಕಾರ. ಇನ್ನು ಆ 100 ವ್ಯಾಟಿನ ಲೆಕ್ಕ. ಅದರ ಅಡಾಪ್ಟರಿನ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿತ್ತು. ಗುಣಿಸಿದರೆ 24 ವ್ಯಾಟ್. ಒಂದು ಲೀಟರ್ ಹಾಲಿಗೆ ಹೆಪ್ಪು ಹಾಕಿ ನಾಲ್ಕು ಲೀಟರ್ ಮೊಸರು ಕೊಡುತ್ತೇನೆಂದರೆ ನೀವು ನಂಬುತ್ತೀರಾ?

ಎರಡನೆಯದನ್ನು ನಮ್ಮವರು ತಂದರು. ಎತ್ತುವಾಗಲೇ ಏದುಸಿರು ಬಂತು. ತೂಕ ನೋಡಿ ಪಾತ್ರೆ ಕೊಳ್ಳುವ ನಮ್ಮ ಬುದ್ಧಿ ಇಲ್ಲಿ ಸಲ್ಲುತ್ತದೆ. ಭಾರವೆಲ್ಲ ಟ್ರಾನ್ಸ್‌ಫಾರ್ಮರುಗಳ ಕಬ್ಬಿಣ, ತಾಮ್ರದ್ದು. ವಾಲ್ವಿಗೂ ಸ್ಪೀಕರಿಗೂ ನಡುವೆ ಇರುವ ಟ್ರಾನ್ಸ್‌ಫಾರ್ಮರಿನಲ್ಲಿ ಜಿಪುಣತನ ಮಾಡಿದರೆ ಮಂದ್ರದ ಸ್ವರಗಳು ಸೊರಗುತ್ತವೆ. ಇದರಲ್ಲಿ ಒಂದೊಂದು ಸ್ಪೀಕರಿಗೆ ಒಂದೊಂದು ಇಎಲ್84 ವಾಲ್ವು. ಐದು ವ್ಯಾಟಿನಷ್ಟು ಶಕ್ತಿ, ನಮ್ಮ ನಡುಮನೆಗೆ ಧಾರಾಳ. ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದೆವು. ಆ ಕಂಠ ಪಕ್ಕದ ಚಾಪೆಯ ಮೇಲಿಂದ ಬಂದಂತಿತ್ತು. ಇಂಥ ಆಂಪ್ಲಿಫೈಯರು ತನ್ನದೇ ಒಂದಿಷ್ಟು ಕಲಬೆರಕೆ ಸೇರಿಸುತ್ತದೆ, ಆದರೆ ಅದು ಬಹುಪಾಲು ಅದೇ ಸ್ವರದ ಮೇಲಿನ ಸ್ಥಾಯಿ. ಷಡ್ಜಕ್ಕೆ ತಾರಷಡ್ಜ ಸೇರಿದರೆ ಕಿವಿ ಅದನ್ನು ತಪ್ಪೆಂದು ಎಣಿಸುವುದಿಲ್ಲ. ತಬಲಾದ ಡಗ್ಗಾ ಮಾತ್ರ ಮಂಕಾಗಿತ್ತು. ಆ ವಿಷಯದಲ್ಲಿ ಮಗನ ಸುಳ್ಳು ಪೆಟ್ಟಿಗೆಯೇ ಮೇಲು. ಇದನ್ನು ಹೇಳಿದಾಗ ನಮ್ಮವರು ಒಂದು ಹೊತ್ತು ಮಾತು ಬಿಟ್ಟರು.

ವಾರದ ಮೇಲೆ, ಹಾಡು ನಡೆಯುತ್ತಿದ್ದಂತೆಯೇ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಹೋದೆ. ಅದು ನನ್ನ ತಪ್ಪೇ. ಕೈ ಜುಮ್ಮೆಂದಿತು. ಕೆಟ್ಟ ಗ್ರೈಂಡರಿನ ಪರಿಚಯವಿದ್ದವರಿಗೆ ಆ ಜುಮ್ಮು ಗೊತ್ತು. ಆದರೆ ಇದರ ಹೊಟ್ಟೆಯಲ್ಲಿ 250ರಿಂದ 300 ವೋಲ್ಟ್ ಇರುತ್ತದೆ, ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಆದ್ದರಿಂದ ತಿರುಪು ಬಿಚ್ಚುವ ಸಾಹಸಕ್ಕೆ ಯಾರನ್ನೂ ಬಿಡದೆ ರೇಡಿಯೋ ರಿಪೇರಿಯವರಲ್ಲಿಗೆ ಕಳಿಸಿದೆ. ಅವರು ತೋರಿಸಿದರು: ಅರ್ತ್ ತಂತಿ ಶಿಸ್ತಾಗಿ ಒಳಗೆ ಬಂದಿದೆ, ಆದರೆ ಪೆಟ್ಟಿಗೆಯ ದಪ್ಪ ಬಣ್ಣದ ಮೇಲೆಯೇ ಸ್ಕ್ರೂ ಬಿಗಿದಿದ್ದಾರೆ. ಲೋಹಕ್ಕೂ ತಂತಿಗೂ ಮುಟ್ಟುಗೋಲೇ ಇಲ್ಲ! ಬಣ್ಣ ಕೆರೆದು, ಬಿಗಿದು, ಪ್ಲಗ್ಗಿನ ದಪ್ಪ ಕಡ್ಡಿಗೂ ಪೆಟ್ಟಿಗೆಯ ಮೈಗೂ ಮೀಟರ್ ಹಿಡಿದರು. ಒಂದು ಓಮಿಗಿಂತ ಕಡಿಮೆ. ಕರೆಂಟಿಗೆ ಸೇರಿಸದೆಯೇ ಮಾಡುವ, ಅರ್ಧ ನಿಮಿಷದ ಪರೀಕ್ಷೆ. ಅಂಗಡಿಯಲ್ಲಿ ನಿಮ್ಮೆದುರಿಗೇ ಮಾಡಿಸಿ; ಮಾಡುವುದಿಲ್ಲ ಎಂದರೆ ಎದ್ದು ಬನ್ನಿ.

ಮಗನ ಪೆಟ್ಟಿಗೆಯ ಮೇಲಿದ್ದ ಕೋಪ ಆ ದಿನ ಸ್ವಲ್ಪ ಇಳಿಯಿತು. ಮೋಸದ್ದಾದರೂ, ಅಡಾಪ್ಟರೊಂದು ಒಳ್ಳೆಯದಿದ್ದರೆ 12 ವೋಲ್ಟಿನ ಅದು ಯಾರಿಗೂ ಶಾಕ್ ಹೊಡೆಯುವುದಿಲ್ಲ. ಅಸಲಿ ಮಾಲೆಂದು ನೆಮ್ಮದಿಯಾಗಿ ಕೂತಿದ್ದೆನಲ್ಲ, ಹೊಡೆದದ್ದು ಅದೇ. ಜೊತೆಗೆ ಬಂದಿದ್ದ ಜಾಲರಿಯನ್ನು ಅಂದಕ್ಕೆಂದು ನಮ್ಮವರು ಕಳಚಿಟ್ಟಿದ್ದರು. ಮೊಮ್ಮಗಳ ಬೆರಳಿಗೆ ಆ ಗಾಜು ಕಾದ ಹೆಂಚಿನಂತೆ ಎಂದು ಹೇಳಿ ಮತ್ತೆ ಹಾಕಿಸಿದೆ.

ಮನೆಗೆ ತಂದು ನೋಡಿದರೆ ನಡುಮನೆಯ ಸಾಕೆಟ್ಟಿನ ದಪ್ಪ ತೂತಿನ ಹಿಂದೆ ತಂತಿಯೇ ಇಲ್ಲ. ನಾಳೆ ಬರುತ್ತೇನೆಂದ ಎಲೆಕ್ಟ್ರಿಷಿಯನ್ನು ಮೂರು ವಾರದಿಂದ ಬರುತ್ತಲೇ ಇದ್ದಾನೆ. ಅರ್ತ್ ಸರಿಯಾಗಿರುವುದು ಅಡಿಗೆಮನೆಯಲ್ಲಿ ಮಾತ್ರ. ಹಾಗಾಗಿ ಮನ್ಸೂರರು ಸದ್ಯಕ್ಕೆ ಗ್ರೈಂಡರಿನ ಪಕ್ಕದಲ್ಲಿ ಹಾಡುತ್ತಿದ್ದಾರೆ.