ಗರಗಸ ಮಂಡಲ ಮತ್ತು ನಮ್ಮದೇ ರಕ್ತದ ಬಲೆ

ಹಾವು ನೋಡುವ ಹವ್ಯಾಸ ಹತ್ತಿದವರಿಗೆ ಮೊದಲು ಬೇಕಾಗುವುದು ಕಾಳಿಂಗ, ನಾಗರ. ನನ್ನ ಮೆಚ್ಚಿನದು ಬಯಲುಸೀಮೆಯ ಕಲ್ಲುಗುಡ್ಡಗಳ ಗರಗಸ ಮಂಡಲ. ಉದ್ದ ಎರಡಡಿ ದಾಟುವುದು ಅಪರೂಪ. ಕೆಣಕಿದರೆ ಮೈಯನ್ನು ಸುರುಳಿ ಸುತ್ತಿಕೊಂಡು, ಪಕ್ಕೆಯ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ಉಜ್ಜುತ್ತದೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಸದ್ದು. ಆ ಸದ್ದು ಕೇಳಿದ ಮೇಲೆ ಇನ್ನೊಂದು ಹೆಜ್ಜೆ ಮುಂದಿಡಬಾರದು.

ಇದು ಕಚ್ಚಿದ ಜಾಗ ಊದಿ, ಕಪ್ಪಾಗಿ, ಕೊಳೆಯುತ್ತದೆ. ಯಾಕೆ? ಮಂಡಲದ ಹಾವುಗಳ ವಿಷದಲ್ಲಿ ಕಿಣ್ವಗಳದೇ ಕಾರುಬಾರು. ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವ ಸ್ನಾಯುಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುಗಳನ್ನು ಕತ್ತರಿಸುತ್ತದೆ. ಪೊರೆ ಹರಿದಲ್ಲಿ ಕ್ಯಾಲ್ಸಿಯಂ ಒಳನುಗ್ಗಿ, ಸ್ನಾಯುವಿನ ಎಳೆ ಸೆಟೆದು ಸಾಯುತ್ತದೆ. ಸತ್ತ ಎಳೆಯ ಜಾಗದಲ್ಲಿ ಹೊಸದನ್ನು ಬೆಳೆಸುವ ಶಕ್ತಿ ಸ್ನಾಯುವಿಗಿದೆ, ರಕ್ತ ಹರಿಯುತ್ತಿದ್ದರೆ. ಮೆಟಲೊಪ್ರೋಟಿನೇಸ್ ಎಂಬ ಇನ್ನೊಂದು ಬಗೆಯ ಕಿಣ್ವಗಳು ಸಣ್ಣ ರಕ್ತನಾಳಗಳ ಗೋಡೆಯನ್ನೇ ಕೆಡವಿ ಆ ಆಸೆಗೂ ಕಲ್ಲು ಹಾಕುತ್ತವೆ.

ಕತೆ ಇಷ್ಟೇ ಅಲ್ಲ ಎಂದು ತೋರಿಸಿದವರು ನಮ್ಮ ಮೈಸೂರು ವಿಶ್ವವಿದ್ಯಾಲಯದವರು. ಕೆ. ಕೆಂಪರಾಜು ಮತ್ತು ಸಂಗಡಿಗರ ಪ್ರಬಂಧ 2016ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂತು. ಕಚ್ಚಿದ ಜಾಗಕ್ಕೆ ಮೊದಲು ಧಾವಿಸುವ ಬಿಳಿ ರಕ್ತಕಣಗಳೆಂದರೆ ನ್ಯೂಟ್ರೋಫಿಲ್‌ಗಳು. ಗರಗಸ ಮಂಡಲದ ವಿಷ ತಗುಲಿದಾಗ ಅವು ತಮ್ಮ ಡಿಎನ್‌ಎಯನ್ನೇ ಬಿಚ್ಚಿ ಹೊರಗೆ ಬಲೆಯಾಗಿ ಎಸೆಯುತ್ತವೆ. ರೋಗಾಣು ಹಿಡಿಯಲು ಇರುವ ಆ ಬಲೆ ಇಲ್ಲಿ ರಕ್ತನಾಳಕ್ಕೆ ಅಡ್ಡ ಕಟ್ಟಿ, ವಿಷವನ್ನು ಅಲ್ಲೇ ಹಿಡಿದಿಡುತ್ತದೆ. ವಿಷ ಸುಡುತ್ತಲೇ ಇರುತ್ತದೆ. ಬಲೆಯನ್ನು ಕರಗಿಸುವ ಡಿಎನ್‌ಏಸ್ ಕಿಣ್ವ ಈ ಹಾವಿನ ವಿಷದಲ್ಲಿ ಇಲ್ಲದಿರುವುದೇ ಬಲೆ ಗಟ್ಟಿಯಾಗಿ ಉಳಿಯಲು ಕಾರಣವೆಂದು ಅವರು ಕಂಡುಕೊಂಡರು. ವಿಷ ಚುಚ್ಚಿದ ಇಲಿಗಳಿಗೆ ಆಮೇಲೆ ಡಿಎನ್‌ಏಸ್ ಕೊಟ್ಟಾಗಲೂ ಮಾಂಸ ಉಳಿಯಿತು! ಇಲಿಗಳಲ್ಲಿ ಕಂಡದ್ದು ನಿಜ, ಆಸ್ಪತ್ರೆಯ ಮದ್ದಲ್ಲ. ಆದರೂ ಹಾವಿನ ಬಗ್ಗೆ ನಾನು ಓದಿದ ಸಂಶೋಧನೆಗಳಲ್ಲಿ ಇದಕ್ಕಿಂತ ಬೆರಗುಗೊಳಿಸಿದ್ದು ಇನ್ನೊಂದಿಲ್ಲ.

ಇದನ್ನು ಓದಿದ ಮೇಲೆ ಹಳ್ಳಿಗಳಲ್ಲಿ ಕಾಲಿಗೆ ಹಗ್ಗ ಬಿಗಿಯುವ ರೂಢಿ ನೆನೆದರೆ ಸಂಕಟವಾಗುತ್ತದೆ. ಮೈಯೊಳಗಿನ ಬಲೆ ಮಾಡುವ ಕೇಡನ್ನೇ ಹಗ್ಗ ಹೊರಗಿನಿಂದ ಮಾಡುತ್ತದೆ: ರಕ್ತ ನಿಲ್ಲಿಸಿ, ವಿಷವನ್ನು ಒಂದೇ ಕಡೆ ಕೂಡಿಹಾಕುತ್ತದೆ. ದಯವಿಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿಸಿಕೊಂಡವರನ್ನು ನಡೆಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.